ಎಳೆದು ನೋಡಬಾರದ ಹುಲ್ಲು

ಜೂನ್ 4

ಇವತ್ತು ಅಕ್ಕ ಫೋನಿನಲ್ಲಿ ಚೆನ್ನಾಗಿ ಬೈದಳು. "ಏ ಗಾಬರಿ ಗಂಟು, ನೀನು ಹೊತ್ತು ಹೊತ್ತಿಗೆ ಫೋನ್ ಮಾಡ್ತಾ ಇದ್ರೆ ನಾನು ನರ್ಸರಿಯಲ್ಲಿ ಗಿಡಕ್ಕೆ ನೀರು ಹಾಕ್ಲೋ, ನಿನ್ನ ಕಣ್ಣೀರು ಒರೆಸ್ಲೋ? ನಿನ್ನ ಚಿಂತೆ ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡು. ಪುಸ್ತಕಕ್ಕೆ ತಲೆನೋವು ಬರಲ್ಲ."

ಅದಕ್ಕೇ ಅಳತೆ ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ಶುರು ಮಾಡಿದ್ದೇನೆ. ಮುಂದಿನಿಂದ ಗಿರಾಕಿಗಳ ಸೊಂಟ, ಭುಜ, ತೋಳು. ಹಿಂದಿನಿಂದ ನನ್ನ ಚಿಂತೆ. ಎರಡೂ ಮಧ್ಯದಲ್ಲಿ ಎದುರುಬದುರಾದರೆ ಏನು ಮಾಡುವುದು ಎಂದು ಈಗಲೇ ಒಂದು ಚಿಂತೆ ಹತ್ತಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಂಕಿ ಬಿಟ್ಟು ಬೇರೇನೂ ಬರೆದವಳಲ್ಲ. ತಪ್ಪಿದ್ದರೆ ಇರಲಿ, ನೋಡುವವರು ಯಾರು.

ವಿಷಯ ಇಷ್ಟು. ಕೆಳಗಿನ ರಸ್ತೆ ಅಗಲ ಮಾಡಲು ನಮ್ಮ ಹಿತ್ತಲಿನ ಇಳಿಜಾರು ದರೆಯನ್ನು ನೆಟ್ಟಗೆ ಕಡಿದು ಹೋದರು. ಆಮೇಲೆ ಬಂದ ಒಂದೆರಡು ಮಳೆಗೇ ಮಣ್ಣು ಜಾರಿ, ಹಿಂದಿನ ಕೋಣೆಯ ನೆಲ ಬಿರುಕು ಬಿಟ್ಟಿತು. ಅದು ಮಾವನ ಕೋಣೆ. ನಿನ್ನೆ ರಸ್ತೆ ಇಲಾಖೆಯ ಎಂಜಿನಿಯರ್ ಬಂದಿದ್ದರು. ಬಿರುಕಿನ ಆಚೆ ಈಚೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದರು, ನಡುವಿನ ಅಂತರ ಅಳೆದು ನೆಲದ ಮೇಲೇ ಬರೆದರು. ಆಮೇಲೆ ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಸಿಮೆಂಟ್ ಮೆತ್ತಿದರು.

"ಇದೇನು ಸಾರ್?" ಎಂದೆ.

"ಕಾವಲುಗಾರ. ಕೆಳಗೆ ಮಣ್ಣು ಜಾರಿದ್ರೆ ಬಿರುಕು ಅಗಲ ಆಗುತ್ತೆ, ಗಾಜು ಒಡೆಯುತ್ತೆ. ಹಾಗೇನಾದ್ರೂ ಆದ್ರೆ ಈ ಕೋಣೆ ಕೆಡವಲೇಬೇಕು ಅಮ್ಮಾ, ಇಲ್ಲಾಂದ್ರೆ ಮನೆಯನ್ನೂ ಎಳ್ಕೊಂಡು ಹೋಗುತ್ತೆ. ದರೆಗೆ ಕಲ್ಲಿನ ಗೋಡೆ ಕಟ್ಟೋಕೆ ನಿಮ್ಮ ಸರದಿ ಬರೋದು ಮುಂದಿನ ವರ್ಷ. ಈ ಮಳೆಗಾಲ ದಾಟಿದ್ರೆ ಉಳೀತು."

ಮಾವ ಮಂಚದ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಅವರ ಕಣ್ಣು ಹೋಗಿ ವರ್ಷಗಳಾದವು. ಬಸ್ ಕಂಡಕ್ಟರ್ ಆಗಿದ್ದವರು. ಅಂಗಿಯ ಮೊಳೆ, ಊರುಗೋಲು ಒರಗಿಸುವ ಜಾಗ, ಲೋಟ ಇಡುವ ಗೂಡು, ಕಿಟಕಿಯ ಚಿಲಕ ಎಲ್ಲವೂ ಆ ಕೋಣೆಯಲ್ಲಿ ಅವರ ಬೆರಳಿಗೆ ಗೊತ್ತು. ಕಿಟಕಿಯ ಕೆಳಗೇ ರಸ್ತೆ. ಬಸ್ಸು ಏರು ಹತ್ತುವ ಸದ್ದು ಕೇಳಿಯೇ ಹೊಸ ಡ್ರೈವರೋ ಹಳಬನೋ ಹೇಳುತ್ತಾರೆ, ಗೇರು ತಪ್ಪಿದರೆ ಇಲ್ಲಿಂದಲೇ ಬೈಯುತ್ತಾರೆ. ಆ ಕೋಣೆ ಹೋದರೆ ಅವರನ್ನು ಮಲಗಿಸಲು ಜಾಗವಿಲ್ಲ. ಮುಂದಿನ ಕೋಣೆ ತುಂಬ ನನ್ನ ಮೆಷಿನ್ನು, ಬಟ್ಟೆಯ ರಾಶಿ, ಗಿರಾಕಿಗಳು. ನಡುವಿನದರಲ್ಲಿ ಅಡುಗೆ ಮತ್ತು ನಾವು ಗಂಡ ಹೆಂಡತಿ. ಮೈದುನ ಆಗಲೇ ಫೋನ್ ಮಾಡಿ, ಅಪ್ಪನನ್ನು ಇಲ್ಲಿಗೆ ಕಳಿಸಿ ಎಂದಿದ್ದಾನೆ. ಅವನದು ಬೇರೆ ಊರು, ನಾಲ್ಕನೇ ಮಹಡಿ.

ಎಂಜಿನಿಯರ್ ಹೊಸ್ತಿಲು ದಾಟುವಾಗ ಮಾವ ಎಂದಿನಂತೆ "ರೈಟ್!" ಎಂದು ಕೂಗಿದರು. ಯಾರು ಹೊರಟರೂ ಹಾಗೆಯೇ. ಆಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದರು, "ನಾಲ್ಕನೇ ಮಹಡಿಗೆ ಬಸ್ಸು ಕೇಳಿಸಲ್ಲ ಕಣಮ್ಮ. ಹದ್ದು ಕೇಳಿಸಬಹುದು."

ನಾನು ನಗಲಿಲ್ಲ.

ಜೂನ್ 6

ಬೆಳಿಗ್ಗೆ ಗಾಜು ನೋಡಿದೆ. ಸರಿಯಿತ್ತು. ಕಾಜಾ ಹಾಕುವ ಕೆಲಸ ನಡುವೆ ಬಿಟ್ಟು ಎದ್ದು ನೋಡಿದೆ. ಸರಿಯಿತ್ತು. ಊಟಕ್ಕೆ ಮೊದಲೂ ಊಟವಾದ ಮೇಲೂ ನೋಡಿದೆ. "ಇನ್ನೂ ಎಷ್ಟು ಸಲ ನೋಡ್ತೀಯೇ, ನಾಚಿಕೊಂಡೇ ಒಡೆದು ಹೋದೀತು" ಎಂದರು ಮಾವ.

ಜೂನ್ 8, ಭಾನುವಾರ

ಅಕ್ಕ ಒಂದು ಗೋಣಿಚೀಲ ಹೊತ್ತುಕೊಂಡು ಬಂದಳು. ಸುರಿದರೆ ಮಣ್ಣು ಮೆತ್ತಿದ ದೊಡ್ಡ ದೊಡ್ಡ ಹುಲ್ಲಿನ ಬುಡಗಳು. ಎಲೆ ಉದ್ದ, ಅಂಚು ಒರಟು, ಬೆರಳು ಸವರಿದರೆ ಗೀರುತ್ತದೆ. ದಾರಿ ಬದಿಯಲ್ಲಿದ್ದರೆ ತಿರುಗಿ ನೋಡುವಂಥದ್ದಲ್ಲ.

"ಲಾವಂಚ. ನದಿ ದಂಡೆಯಲ್ಲಿ ಯಾರೂ ಕೇಳೋರಿಲ್ಲದೆ ಬೆಳೆದಿತ್ತು. ದರೆಗೆ ಅಡ್ಡಲಾಗಿ ಸಾಲು ಹಚ್ಚೋಣ."

"ಕಾಡು ಹುಲ್ಲು ನೆಟ್ಟು ಮನೆ ನಿಲ್ಲಿಸ್ತೀಯಾ?"

"ಮನೆ ಅಲ್ಲ, ಮಣ್ಣು. ಮನೆ ನಿಮ್ಮದು, ನೀವೇ ನಿಲ್ಲಿಸ್ಕೊಳ್ಳಿ. ಈ ಹುಲ್ಲು ಬೇರು ಬಿಟ್ರೆ ಅದು ಆಳುದ್ದ ಇಳಿದು ಮಣ್ಣನ್ನ ಹಿಡ್ಕೊಳ್ಳುತ್ತೆ. ಮೇಲೆ ಸಾಲು ಒತ್ತೊತ್ತಾಗಿದ್ರೆ ಹರಿದು ಬರೋ ನೀರು ಸೋಸಿ ಹೋಗುತ್ತೆ, ಮಣ್ಣು ಹಿಂದೇ ಉಳಿಯುತ್ತೆ."

ನನಗೆ ಕೇಳಬೇಕಾದ್ದು ಬಹಳವಿತ್ತು. ಬೇರು ಹರಡಿ ಕೋಣೆಯ ನೆಲವನ್ನೇ ಎತ್ತಿಬಿಟ್ಟರೆ? "ಇದರ ಬೇರು ಅಕ್ಕಪಕ್ಕ ನೋಡಲ್ಲ, ತೂಗುಗುಂಡಿನ ಹಾಗೆ ನೆಟ್ಟಗೆ ಕೆಳಕ್ಕೆ." ಹಿತ್ತಲೆಲ್ಲ ಹಬ್ಬಿದರೆ? "ಹೂ ಬಿಟ್ಟರೂ ಬೀಜ ಮೊಳೆಯೋದು ಅಪರೂಪ. ಬುಡ ಬಿಡಿಸಿ ಹಚ್ಚಿದ್ರೆ ಮಾತ್ರ ಬರುತ್ತೆ. ಇಟ್ಟಲ್ಲೇ ಇರುತ್ತೆ." ಬಿಸಿಲಿಗೆ ಒಣಗಿದರೆ? ನೀರು ನಿಂತು ಕೊಳೆತರೆ? "ಒಂದು ಸಲ ಬೇರು ಇಳಿದ್ರೆ ಎರಡಕ್ಕೂ ಜಗ್ಗಲ್ಲ." ಅದರಲ್ಲಿ ಹಾವು ಸೇರಿಕೊಂಡರೆ?

"ನೀನು ಒಳಗೆ ಹೋಗು" ಎಂದಳು ಅಕ್ಕ. ಆದರೆ ಸ್ವಲ್ಪ ಹೊತ್ತಿನ ಮೇಲೆ ತಾನೇ ಹೇಳಿದಳು, "ಒಂದು ಮಾತು. ಮೊದಮೊದಲು ಏನೂ ಕಾಣಲ್ಲ. ಸತ್ತ ಹಾಗೇ ಇರುತ್ತೆ. ಆಗಲೇ ದೊಡ್ಡ ಮಳೆ ಬಿದ್ರೆ ನನ್ನ ಗ್ಯಾರಂಟಿ ಇಲ್ಲ." ಅದೊಂದನ್ನು ಹೇಳದಿದ್ದರೆ ಚೆನ್ನಾಗಿತ್ತು.

ಬುಡಗಳ ಉದ್ದ ಬೇರನ್ನು ಕತ್ತರಿಸಿ ತೆಗೆದು ತೊಳೆದು ಮಾವನ ಕೈಗೆ ಕೊಟ್ಟಳು. ಎಲೆಗೆ ವಾಸನೆಯೇ ಇಲ್ಲ, ಬೇರಿಗೆ ಮಾತ್ರ ಎಂಥ ಪರಿಮಳ! ಒಣ ನೆಲಕ್ಕೆ ನೀರು ಬಿದ್ದ ಹಾಗೆ, ಅದರ ಜೊತೆಗೆ ಇನ್ನೂ ಏನೋ. ಮಾವ ಮುಖಕ್ಕೆ ಹಿಡಿದು ಉದ್ದಕ್ಕೆ ಉಸಿರೆಳೆದರು.

"ಒಂದು ಸಲ ಒಬ್ಬಳು ಇದರ ಮೂಟೆ ಹೊತ್ತು ನನ್ನ ಬಸ್ಸು ಹತ್ತಿದ್ದಳು. ಬೇರಿನಲ್ಲಿ ಚಾಪೆ ಹೆಣೆಯೋಳು. ಬೇಸಿಗೆ, ಬಸ್ಸಲ್ಲಿ ಬೆವರು ನಾರ್ತಾ ಇತ್ತು. ಅವಳು ಹತ್ತಿದ್ದೇ ಹತ್ತಿದ್ದು, ಎಲ್ಲರೂ ಬಾಯಿ ಮುಚ್ಚಿ ಮೂಗು ತೆರೆದ್ರು."

"ಮೂಟೆಗೆ ಟಿಕೆಟ್ ಕೊಟ್ರಾ ಮಾವಾ?" ಎಂದಳು ಅಕ್ಕ.

"ಅವಳಿಗೇ ಕೊಡೋದು ಮರೆತೆ!"

ಜೂನ್ 10

ಸಾಲು ಹಚ್ಚಿ ಮುಗಿಯಿತು. ಇವರು ಬೇಕರಿಯ ಒಲೆ ಕೆಲಸ ಮುಗಿಸಿ, ಕಿವಿಯಲ್ಲಿ ಇನ್ನೂ ಮೈದಾ ಹಿಟ್ಟು ಇಟ್ಟುಕೊಂಡೇ, ಗಾರೆಯವನಿಂದ ನೀರು ತುಂಬುವ ಟ್ಯೂಬು ತಂದರು. ಟ್ಯೂಬಿನ ಎರಡು ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುವಲ್ಲಿ ಗೂಟ ಹೊಡೆದೆವು, ಗೂಟದಿಂದ ಗೂಟಕ್ಕೆ ನನ್ನ ದಾರ ಕಟ್ಟಿದೆವು. ಸಾಲು ಓರೆಯಾದರೆ ನೀರು ತಗ್ಗಿನ ಕಡೆಗೇ ನುಗ್ಗುತ್ತದಂತೆ. ಅಕ್ಕ ಬುಡ ಬಿಡಿಸಿದಳು. ಎರಡು ಮೂರು ಕುಡಿ ಇರುವ ಒಂದೊಂದು ತುಂಡಿಗೆ ತೆಂಡೆ ಎನ್ನುತ್ತಾರೆ. ತಲೆ ಗೇಣುದ್ದ ಉಳಿಸಿ, ಬೇರು ಬೆರಳುದ್ದ ಉಳಿಸಿ ಕತ್ತರಿಸಬೇಕು. ಅಂಗೈ ಅಗಲಕ್ಕೊಂದು ನೆಡಬೇಕು, ಬುಡದ ಮಣ್ಣು ಕಾಲಿನಿಂದ ಒತ್ತಬೇಕು. ಕತ್ತರಿಸುವುದು ನನ್ನ ಪಾಲಿಗೆ ಬಂತು. ದಾರದ ಗುಂಟ ಒಂದೇ ಅಂತರಕ್ಕೆ ಇಡುತ್ತಾ ಹೋದಂತೆ, ನಾನು ದರೆಗೆ ಕಚ್ಚಾ ಹೊಲಿಗೆ ಹಾಕುತ್ತಿದ್ದೇನೆ ಅನಿಸಿತು. ಒಟ್ಟು ಮೂರು ಸಾಲು. ಮೇಲಿನದು ಮಾವನ ಕೋಣೆಯ ಅಡಿಪಾಯದ ಪಕ್ಕದಲ್ಲೇ. ಸೂರಿನ ನೀರು ದರೆಯ ಮೇಲೆ ಬೀಳದಂತೆ ಇವರು ಪೈಪು ತಿರುಗಿಸಿದರು.

ಪಕ್ಕದ ಹಾಲಿನವಳು ಬೇಲಿಯ ಮೇಲೆ ಗಲ್ಲ ಊರಿ ನಿಂತಿದ್ದಳು. ಅವಳ ಕೊಟ್ಟಿಗೆಯೂ ಇದೇ ದರೆಯ ಅಂಚಿನಲ್ಲಿದೆ. "ಏನು ಟೈಲರಮ್ಮ, ಮನೆ ಉಳಿಸೋಕೆ ಹುಲ್ಲಾ? ನನ್ನ ಹಸು ಒಂದು ಹೊತ್ತಿಗೆ ನಿಮ್ಮ ಮನೆ ಮೇಯ್ದು ಬಿಡುತ್ತೆ ನೋಡಿ!"

ನಗುವವರ ಮುಂದೆ ಜಾರಿ ಬಿದ್ದ ಹಾಗೆ ಆಗಬಾರದು, ಅಷ್ಟೇ.

ಜೂನ್ 19

ಎಲ್ಲ ಒಣಗಿ ಹೋಯಿತು. ಅಕ್ಕ ಹೇಳಿದ್ದಳು ನಿಜ, ಆದರೆ ಸತ್ತ ಹಾಗೆ ಕಾಣುವುದಕ್ಕೂ ಸತ್ತೇ ಹೋಗಿರುವುದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ?

ಹೊಲಿಗೆ ಹಾಕಿದ ಮೇಲೆ ಎರಡು ಬದಿ ಹಿಡಿದು ಎಳೆದು ನೋಡುವುದು ನನ್ನ ಅಭ್ಯಾಸ. ಕೆಲಸ ಕಲಿಸಿದಾಕೆ ಹೇಳಿಕೊಟ್ಟದ್ದು: ಗಿರಾಕಿ ಎಳೆಯುವ ಮೊದಲು ನೀನು ಎಳಿ. ಬಟನ್ ಆದರೂ ಸರಿ, ಜಿಪ್ ಆದರೂ ಸರಿ, ಎಳೆದು ನೋಡದೆ ನಾನು ಯಾವ ಬಟ್ಟೆಯನ್ನೂ ಕೈಬಿಟ್ಟಿಲ್ಲ. ಅದಕ್ಕೇ ಇವತ್ತು ಬೆಳಿಗ್ಗೆ ಮಾವನ ಕೋಣೆಯ ಮೂಲೆಯಲ್ಲಿರುವ ತೆಂಡೆಗಳನ್ನು ಒಂದೊಂದಾಗಿ, ಮೆಲ್ಲಗೆ, ಎಳೆದು ನೋಡಿದೆ. ಮುಖ್ಯ ಅದೇ ಜಾಗ ತಾನೇ. ಕೆಲವು ಬಿಗಿಯಾಗಿದ್ದವು. ಒಂದು ಕೈಗೇ ಬಂತು. ನೋಡಿದರೆ ನೂಲಿಗಿಂತ ತೆಳ್ಳಗೆ ಎರಡು ಬಿಳಿ ಬೇರು, ಒಂದು ತುಂಡಾಗಿತ್ತು. ಮತ್ತೆ ಅಲ್ಲೇ ಚುಚ್ಚಿ ಮಣ್ಣು ಒತ್ತಿದೆ.

ಬಿಳಿ ಬೇರು ಇದೆ ಎಂದರೆ ಜೀವ ಇದೆ ಎಂದಾಯಿತು. ಸ್ವಲ್ಪ ಸಮಾಧಾನ.

ಜೂನ್ 20

ಸಮಾಧಾನ ಇಲ್ಲ. ನಿನ್ನೆ ಕಿತ್ತು ಬಂದದ್ದು ಹಿಡಿಯಿತೋ ಇಲ್ಲವೋ ಎಂದು ಇವತ್ತು ಮತ್ತೆ ಎಳೆದು ನೋಡಬೇಕಾಯಿತು.

ಜುಲೈ 13

ಕೆಳಗಿನ ಎರಡು ಸಾಲಿನಲ್ಲಿ ಹಸಿರು ಮೂಡಿದೆ! ಸೂಜಿಯ ಹಾಗೆ ನೆಟ್ಟಗೆ. ಮೇಲಿನ ಸಾಲಿನಲ್ಲೂ ಬಂದಿದೆ, ಆದರೆ ಮಾವನ ಕೋಣೆಯ ಮೂಲೆಯಲ್ಲಿ ಮಾತ್ರ ಇಲ್ಲ. ನಾನು ಅಷ್ಟು ಜೋಪಾನವಾಗಿ ದಿನಾ ನೋಡಿಕೊಂಡ ಜಾಗ! ಯಾರೂ ತಿರುಗಿ ನೋಡದ ಕೆಳಗಿನ ಸಾಲು ಚಿಗುರಿ ನಗುತ್ತಿದೆ. ಲೋಕದಲ್ಲಿ ನ್ಯಾಯವೇ ಇಲ್ಲ.

ಗಾಜು ಸರಿಯಿದೆ.

ಆಗಸ್ಟ್ 3, ಭಾನುವಾರ

ನಿನ್ನೆ ಜೋರು ಮಳೆ. ಚಿಗುರಿದ ಕಡೆಯೆಲ್ಲ ನೀರು ಮೆತ್ತಗೆ ಸೋಸಿ ಹೋಯಿತು. ಮೂಲೆಯಲ್ಲಿ ಮಾತ್ರ ಬಾಗಿಲು ತೆರೆದಿಟ್ಟ ಹಾಗಿತ್ತು, ಅಲ್ಲಿಂದ ಕೆಂಪು ನೀರು ನುಗ್ಗಿ ಕಾಲುವೆ ಕೊರೆದು, ನನ್ನ ಬಟ್ಟೆ ಒಗೆಯುವ ಕಲ್ಲನ್ನು ಎತ್ತಿ ಕೆಳಗಿನ ಸಾಲಿನವರೆಗೆ ಉರುಳಿಸಿತು. ಕೆಳಗಿನ ಸಾಲು ಅದನ್ನು ತಡೆದು ನಿಲ್ಲಿಸಿತು, ಇಲ್ಲದಿದ್ದರೆ ಅದು ರಸ್ತೆಗೇ ಬೀಳುತ್ತಿತ್ತು. ಗಾಜು ಒಡೆದಿಲ್ಲ. ಆದರೆ ಇಂಥದ್ದೇ ಇನ್ನೊಂದು ಮಳೆ ಬಂದರೆ ಅಡಿಪಾಯದ ಕೆಳಗೇ ಟೊಳ್ಳು.

ಅಕ್ಕ ಬಂದು ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದು ಒಣಗಿದ ತೆಂಡೆ ತೆಗೆದು ನೋಡಿದಳು.

"ಇದು ತಾನಾಗಿ ಸತ್ತದ್ದಲ್ಲ. ಬೇರು ಹರಿದಿದೆ. ಯಾರೋ ಎಳೆದಿದ್ದಾರೆ."

"ಹಾಲಿನವಳ ಕರು ಇರಬೇಕು" ಎಂದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ.

ಕಿಟಕಿಯ ಒಳಗಿನಿಂದ ಮಾವ ಗಂಟಲು ಸರಿ ಮಾಡಿಕೊಂಡರು. "ಹೌದು ಹೌದು, ಕರುವೇ. ದಿನಾ ಬೆಳಿಗ್ಗೆ ಬರ್ತಿತ್ತು. ಬಳೆ ಹಾಕ್ಕೊಂಡಿತ್ತು ಕಣಮ್ಮ ಆ ಕರು."

ಅಕ್ಕ ನನ್ನ ಕೈ ನೋಡಿದಳು. ನಾನು ಕೈ ಸೆರಗಿನೊಳಗೆ ಎಳೆದುಕೊಂಡೆ. ಅವಳು ಬೈಯುತ್ತಾಳೆ ಎಂದುಕೊಂಡರೆ ನೆಲಕ್ಕೆ ಕೂತು ನಕ್ಕಳು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ. ಆಮೇಲೆ ಬೈದಳು. "ಹೊಸ ಬೇರು ಮಣ್ಣಿಗೆ ಕಚ್ಚೋ ಹೊತ್ತಿಗೆ ನೀನು ಎಳಿ, ಮತ್ತೆ ಕಚ್ಚೋ ಹೊತ್ತಿಗೆ ಮತ್ತೆ ಎಳಿ. ಅದು ಹುಲ್ಲೇ ಆಗಿದ್ದಕ್ಕೆ ಸುಮ್ಮನೆ ಸತ್ತಿದೆ. ನಾಯಿ ಆಗಿದ್ರೆ ಕಚ್ಚಿರೋದು!"

ಕೆಳಗಿನ ಸಾಲಿನ ಒಂದು ದಪ್ಪ ಬುಡ ಎತ್ತಿ ಬಿಡಿಸಿ ಮೂಲೆಗೆ ಹೊಸದಾಗಿ ಹಚ್ಚಿದೆವು. ನುಗ್ಗುವ ನೀರಿಗೆ ಸದ್ಯಕ್ಕೆ ತಡೆಯಾಗಿ ಮಣ್ಣು ತುಂಬಿದ ಚೀಲ ಇಟ್ಟೆವು. ಹೋಗುವಾಗ ಅಕ್ಕ ಮಾವನಿಗೆ ಹೇಳಿದಳು, "ಮಾವಾ, ಕರುವನ್ನ ಕಟ್ಟಿ ಹಾಕೋ ಜವಾಬ್ದಾರಿ ನಿಮ್ಮದು."

ಆಗಸ್ಟ್ 5

ಬೆಳಿಗ್ಗೆ ಹಿತ್ತಲಿಗೆ ಕಾಲಿಟ್ಟೆ. ಬರೀ ನೋಡಲು.

"ಹೋಲ್ಡಾನ್!" ಎಂದು ಕಿಟಕಿಯಿಂದ ಮಾವ ಬಸ್ಸು ನಿಲ್ಲಿಸುವ ಕೂಗು ಹಾಕಿದರು. ಬೀದಿಯವರೆಗೆ ಕೇಳಿಸಿರಬೇಕು. "ಇಲ್ಲಿ ಬಾ. ಕೈ ತುರಿಸಿದ್ರೆ ಇಲ್ಲಿ ಬಂದು ಕೂರು. ಈ ಬೇರು ಬಿಡಿಸು."

ಹಿಂದೆ ಕತ್ತರಿಸಿ ಒಣಗಿಸಿದ ಬೇರಿನ ಗಂಟನ್ನು ನನ್ನ ಮಡಿಲಿಗೆ ಹಾಕಿದರು. ಒಂದಕ್ಕೊಂದು ತೊಡಕಿಕೊಂಡ ನಾರು. ನಾನು ಬಿಡಿಸುತ್ತಿದ್ದರೆ ಅವರು ತಮ್ಮ ಹಳೆಯ ರೂಟಿನ ಸ್ಟಾಪುಗಳನ್ನು ಹೇಳತೊಡಗಿದರು. ಗಡಿಯಾರದ ಕಂಬ. ಹತ್ತಿ ಗಿರಣಿ. ಗಿರಣಿ ಎರಡನೇ ಗೇಟು. ಮುರುಕು ಸೇತುವೆ. ಆಸ್ಪತ್ರೆ ಹಿಂಬದಿ. ಒಂಟಿ ಮರ. ಕೊನೆಯ ಸ್ಟಾಪು ನೀರಿನ ಟ್ಯಾಂಕು.

"ಒಂಟಿ ಮರದಲ್ಲಿ ಯಾರು ಇಳೀತಿದ್ರು?" ಎಂದು ಕೇಳಿದೆ.

"ಯಾರೂ ಇಳೀತಿರಲಿಲ್ಲ. ಆದ್ರೂ ನಿಲ್ಲಿಸ್ತಿದ್ವಿ. ಡ್ರೈವರ್ ಗೊಣಗ್ತಿದ್ದ. ಸ್ಟಾಪು ಅಂದ್ಮೇಲೆ ನಿಲ್ಲಬೇಕು ಕಣಯ್ಯ, ಬರೋರು ಬರೋ ಹೊತ್ತಿಗೆ ಬರ್ತಾರೆ ಅಂತಿದ್ದೆ."

ಬೇರು ಬಿಡಿಸಿ ಮುಗಿಯುವಷ್ಟರಲ್ಲಿ ಗಿರಾಕಿ ಬಂದರು. ಹಿತ್ತಲಿಗೆ ಹೋಗುವುದು ಮರೆತು ಹೋಯಿತು. ಸಂಜೆ ನೆನಪಾದಾಗ ಕತ್ತಲಾಗಿತ್ತು.

ಆಗಸ್ಟ್ 24

ಮೂಲೆಯಲ್ಲಿ ಚಿಗುರು ಬಂದಿದೆಯಂತೆ. ಇವರು ಹೇಳಿದರು.

ಉಳಿದ ಸಾಲಿನಲ್ಲಿ ಹುಲ್ಲು ಸೊಂಟದೆತ್ತರ. ತಲೆ ಕತ್ತರಿಸಿದರೆ ಬುಡದಲ್ಲಿ ಮರಿ ಒಡೆದು ಸಾಲು ಒತ್ತಾಗುತ್ತದೆ ಎಂದು ಅಕ್ಕ ಹೇಳಿದ್ದಳು. ಬಟ್ಟೆಯ ಕತ್ತರಿ ಹಾಳಾಗುತ್ತದೆ ಎಂದು ಕುಡುಗೋಲು ತಂದು ಮೊಳಕಾಲೆತ್ತರಕ್ಕೆ ಸಮ ಮಾಡಿದೆ. ಹುಡುಗರಿಗೆ ಕೂದಲು ಕತ್ತರಿಸಿದ ಹಾಗೆ ಚೊಕ್ಕ ಆಯಿತು. ಎಳೆಯ ಎಲೆಯನ್ನು ಹಾಲಿನವಳ ಹಸುವಿಗೆ ಹಾಕಿದೆ, ಬಲಿತದ್ದನ್ನು ಅದು ಮೂಸಿ ಬಿಟ್ಟಿತು. ಬಿಟ್ಟದ್ದನ್ನು ಸಾಲಿನ ಹಿಂದೆ ಮಣ್ಣಿನ ಮೇಲೆ ಹಾಸಿದೆ. ಹನಿ ನೇರ ಮಣ್ಣಿಗೆ ಬಡಿಯುವುದಿಲ್ಲ.

"ಟೈಲರಮ್ಮ, ನಿಮ್ಮ ಮನೆ ರುಚಿಯಾಗಿದೆಯಂತೆ" ಎಂದಳು ಹಾಲಿನವಳು. ನಾನೂ ಬಿಡಲಿಲ್ಲ. "ಹಾಲಿಗೆ ಹಾಕೋ ನೀರು ಕಡಿಮೆ ಮಾಡು ಅಂತ ಹಸುವಿಗೆ ಹೇಳಿ ಕಳಿಸಿದ್ದೀನಿ."

ಬಿಡಿಸಿದ ಬೇರು ತುಂಬಿ ಸಣ್ಣ ಸಣ್ಣ ಚೀಲ ಹೊಲಿದು ಬಟ್ಟೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ನುಸಿ ಬರುವುದಿಲ್ಲವಂತೆ. ಗಿರಾಕಿಗಳು ಹೊಲಿದ ಬಟ್ಟೆ ತೆಗೆದುಕೊಂಡು ಹೋಗುವಾಗ ಮೂಸಿ ನೋಡುತ್ತಾರೆ. ಒಂದು ಚೀಲ ಮಾವನ ದಿಂಬಿನೊಳಗೆ.

ಸೆಪ್ಟೆಂಬರ್ 12

ಶಾಲೆಯ ವಾದ್ಯದವರ ಕೋಟುಗಳು. ಹೆಗಲಿಗೆ ಪಟ್ಟಿ, ಎದೆಗೆ ಎರಡು ಸಾಲು ಬಟನ್. ಬರೆಯಲು ಪುರುಸೊತ್ತಿಲ್ಲ.

ಸೆಪ್ಟೆಂಬರ್ 23

ಇವತ್ತು ನಡೆದದ್ದನ್ನು ಕ್ರಮವಾಗಿ ಬರೆಯಬೇಕು.

ಭಾನುವಾರದಿಂದ ಬಿಡದೆ ಮಳೆ. ಕೆಳಗಿನ ರಸ್ತೆಯಲ್ಲಿ ಬಸ್ಸು ನಿಂತಿತು. ಹಾಲಿನವಳ ಕೊಟ್ಟಿಗೆಯ ಹಿಂದಿನ ದರೆ ಒಂದು ಮಗ್ಗುಲು ಜಾರಿತು, ಹಸುಗಳನ್ನು ನಮ್ಮ ಮುಂದಿನ ಅಂಗಳದಲ್ಲಿ ಕಟ್ಟಿದೆವು. ಇವತ್ತು ಬೆಳಿಗ್ಗೆ ಮಳೆ ನಿಂತಿತು. ನಾನು ಹಸುಗಳಿಗೆ ನೀರಿಡುತ್ತಿದ್ದೆ. ಬೇಕರಿಯಿಂದ ಬಂದ ಇವರು ಮಾವನ ಕೋಣೆಗೆ ಹೋದವರೇ ಕೂಗಿದರು.

ಹೋಗಿ ನೋಡಿದರೆ ಗಾಜು ಒಡೆದಿತ್ತು.

ಇವರ ಮುಖ ಬಿಳಿಚಿತ್ತು. ಮನೆಗೆ ಬೆಂಕಿ ಬಿದ್ದರೂ ಮೊದಲು ಚಹಾ ಕುಡಿದು ಆರಿಸೋಣ ಎನ್ನುವ ಮನುಷ್ಯ. ಆಗಲೇ ಫೋನು ಕಿವಿಗೆ ಹಿಡಿದಿದ್ದರು, ಮೈದುನನ ಜೊತೆ. "ಇವತ್ತೇ ಗಾಡಿ ತಗೊಂಡು ಬಾ. ಅಪ್ಪನ್ನ ಕರ್ಕೊಂಡು ಹೋಗು. ನೋಡೋದು ಏನೂ ಉಳಿದಿಲ್ಲ, ಒಡೆದಿದೆ!"

ಮಾವ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದರು. ಕೈ ಮಾತ್ರ ಮೊಳೆಯನ್ನು ಹುಡುಕಿ, ಅಂಗಿ ತೆಗೆದು, ತೊಡೆಯ ಮೇಲೆ ಮಡಚುತ್ತಿತ್ತು.

"ರೀ, ಒಂದು ನಿಮಿಷ ಫೋನ್ ಇಡಿ" ಎಂದೆ.

ಕುತ್ತಿಗೆಯಲ್ಲೇ ಟೇಪು ಇತ್ತು. ನೆಲಕ್ಕೆ ಕೂತು, ಎಂಜಿನಿಯರ್ ಎಳೆದ ಎರಡು ಪೆನ್ಸಿಲ್ ಗೆರೆಗಳ ನಡುವೆ ಹಿಡಿದೆ. ನೆಲದ ಮೇಲೆ ಬರೆದಿದ್ದ ಅಳತೆಯೇ ಬಂತು. ಟೇಪು ಸಡಿಲವಾಗಿರಬಹುದು ಎಂದು ಮತ್ತೆ ಹಿಡಿದೆ. ಅದೇ. ಆಮೇಲೆ ಗಾಜು ನೋಡಿದೆ. ಬಟ್ಟೆ ಎರಡು ಕಡೆಯಿಂದ ಎಳೆದಾಗ ಹರಿಯುವುದೇ ಬೇರೆ, ಮೇಲಿಂದ ಏನೋ ಚುಚ್ಚಿ ತೂತಾಗುವುದೇ ಬೇರೆ. ಗಾಜು ನಡುವೆ ನಕ್ಷತ್ರದ ಹಾಗೆ ಒಡೆದು ಪುಡಿಯಾಗಿತ್ತು.

"ಮಾವಾ, ಕೋಲು ಎಲ್ಲಿ?"

"ಮಂಚದ ಕೆಳಗೆ" ಎಂದರು.

"ಗಾಜಿಗೆ ಯಾವಾಗ ತಗುಲಿತು?"

"ಬೆಳಗಿನ ಜಾವ. ಎದ್ದು ಊರಿದೆ, ಕಟಕ್ ಅಂತು." ಅಂಗಿಯನ್ನು ಮತ್ತೊಮ್ಮೆ ಮಡಚಿದರು. "ಹೇಳಿದ್ರೂ ನೀನು ನಂಬ್ತಿರಲಿಲ್ಲ ಕಣಮ್ಮ. ಮಳೆಗೇ ಒಡೆದದ್ದು, ಮಾವ ಕೋಣೆ ಆಸೆಗೆ ಸುಳ್ಳು ಹೇಳ್ತಾರೆ ಅಂತ ಗಂಟುಮೂಟೆ ಕಟ್ಟಿ ಬಿಡ್ತಿದ್ದೆ. ನಿನ್ನನ್ನ ಹೆದರಿಸೋದಕ್ಕಿಂತ ಹೋಗೋದೇ ವಾಸಿ ಅನ್ನಿಸ್ತು."

ಅಂಗಿಯನ್ನು ಅವರ ಕೈಯಿಂದ ತೆಗೆದು ಮೊಳೆಗೆ ಹಾಕಿದೆ. ಹಿತ್ತಲಿಗೆ ಹೋಗಿ ನೋಡಿ ಬಂದೆ. ಮೂರು ಸಾಲಿನ ಹಿಂದೆಯೂ ಮೇಲಿಂದ ಬಂದ ಮಣ್ಣು ತಡೆದು ನಿಂತು, ಮೆಟ್ಟಿಲಿನ ಹಾಗೆ ಸಮತಟ್ಟಾಗಿದೆ. ಮೂಲೆಯ ಹೊಸ ಹುಲ್ಲು ಕೆಸರಿನಲ್ಲಿ ಅರ್ಧ ಹುಗಿದಿದೆ, ಆದರೆ ತಲೆ ಎತ್ತಿಕೊಂಡಿದೆ. ಒಳಗೆ ಬಂದು ಎಂಜಿನಿಯರಿಗೆ ನಾನೇ ಫೋನ್ ಮಾಡಿ, ಗಾಜು ಒಡೆದದ್ದು, ಕೋಲು ತಗುಲಿದ್ದು, ಅಳತೆ, ಎಲ್ಲ ಹೇಳಿದೆ. "ಫೋನಿನ ಮಾತಿಗೆ ನಾನು ಏನೂ ಹೇಳಕ್ಕಾಗಲ್ಲ ಅಮ್ಮಾ. ನಾಳೆ ನಮ್ಮ ಹುಡುಗ ಬಂದು ಹೊಸ ಗಾಜು ಹಾಕ್ತಾನೆ. ಮಳೆ ಮುಗಿದ ಮೇಲೆ ನಾನೇ ಬಂದು ಅಳೀತೀನಿ. ಅಲ್ಲಿವರೆಗೆ ಅಳತೆ ಬದಲಾದ್ರೆ ಕೋಣೆ ಬಿಡಿ" ಎಂದರು.

ಮೈದುನನಿಗೆ ಇವರು ಮತ್ತೆ ಫೋನ್ ಮಾಡಿ ಸದ್ಯಕ್ಕೆ ಗಾಡಿ ತರಬೇಡ ಎಂದರು. ಅಷ್ಟನ್ನೇ ಮೂರು ಮೂರು ಸಲ ಹೇಳಿದರು, ಪಾಪ. ಇಷ್ಟಕ್ಕೆಲ್ಲ ಗಂಡಸರು ಹೀಗೆ ಹೆದರಿದರೆ ಹೇಗೆ? ಚಹಾ ಮಾಡಿ ಕೊಟ್ಟೆ. ಇನ್ನೂ ಕೋಟಿನ ಬಟನ್ನು ಉಳಿದಿವೆ.

ನವೆಂಬರ್ 11

ಎಂಜಿನಿಯರ್ ಬಂದರು. ಮಾವ ಬೆಳಿಗ್ಗೆಯೇ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಚೆಕಿಂಗ್ ಇನ್‌ಸ್ಪೆಕ್ಟರ್ ಬಸ್ಸು ಹತ್ತಿದ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

ಹೊಸ ಗಾಜು ಇಡಿಯಾಗಿದೆ. ಅವರು ತಮ್ಮ ಅಳತೆಪಟ್ಟಿಯಿಂದ ಗೆರೆಗಳ ನಡುವೆ ಅಳೆದರು. ಬರೆದಿದ್ದ ಅಂಕಿ ನೋಡಿದರು. ಹಿತ್ತಲಿಗೆ ನಡೆದರು. ನಾನು ಹಿಂದೆಯೇ ಹೋದೆ. ದರೆಯನ್ನು ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಮೂಲೆಗೆ ಬಂದು ಬಗ್ಗಿ, ಒಂದು ಬುಡವನ್ನು ಮುಷ್ಟಿಯಲ್ಲಿ ಹಿಡಿದರು.

"ಎಳೀಬೇಡಿ ಸಾರ್!"

ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು. ಅವರು ಕೈ ಹಿಂದೆ ತೆಗೆದರು.

"ಹಿಡಿದಿದೆಯಾ ಅಂತ ನೋಡ್ತಿದ್ದೆ ಅಷ್ಟೇ."

"ಹಿಡಿದಿದೆಯಾ ಅಂತ ಮಣ್ಣು ನೋಡಿ ಸಾರ್, ಹುಲ್ಲು ಬಿಡಿ. ಹಿಂದೆ ಎಷ್ಟು ಮಣ್ಣು ನಿಲ್ಲಿಸಿದೆ ನೋಡಿ. ಕೈ ತುರಿಸಿದ್ರೆ ಒಳಗೆ ಮಾವನ ಹತ್ತಿರ ಹೋಗಿ ಕೂರಿ, ಬಿಡಿಸೋಕೆ ಬೇರು ಕೊಡ್ತಾರೆ."

ಕಿಟಕಿಯೊಳಗೆ ಮಾವ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

ಎಂಜಿನಿಯರ್ ನಕ್ಕು ಕೈ ಒರೆಸಿಕೊಂಡರು. "ಕೋಣೆ ಇರಲಿ. ಹುಲ್ಲಿದೆ ಅಂತ ಗೋಡೆ ತಪ್ಪಲ್ಲ, ಸರದಿ ಬಂದಾಗ ಕೆಳಗೆ ಗೋಡೆ ಕಟ್ಟೇ ಕಟ್ತೀವಿ. ಅಲ್ಲಿವರೆಗೆ ಈ ಸಾಲು ಇದರ ಪಾಡಿಗೆ ಇರಲಿ."

ಅವರು ಹೊಸ್ತಿಲು ದಾಟಿದರು. ಎಂದಿನ ಕೂಗಿಗೆ ನಾನೂ ಇವರೂ ಕಾದೆವು. ಮಾವ ಕೂಗಲಿಲ್ಲ. ಒಳಗೆ ಹೋಗಿ ನೋಡಿದರೆ ಕಿಟಕಿಯ ಸರಳಿಗೆ ಹಣೆ ಹಚ್ಚಿ ಕೂತಿದ್ದರು. ಕೆಳಗೆ ಬಸ್ಸು ಏರು ಹತ್ತುತ್ತಿತ್ತು. ಅದು ಮೇಲೆ ಬಂದು, ಗೇರು ಬದಲಾಗಿ, ಸದ್ದು ಹಗುರಾದ ಮೇಲೆ ಮೆತ್ತಗೆ ಅಂದರು, "ರೈಟ್."

ಜೂನ್ 7, ಭಾನುವಾರ

ಇವತ್ತು ಅಳತೆ ಬರೆಯಲು ಹೋದರೆ ಪುಸ್ತಕದಲ್ಲಿ ಜಾಗವಿಲ್ಲ. ಮುಂದಿನಿಂದ ಬಂದ ಅಳತೆಗಳು ಇಲ್ಲಿಗೆ ಬಂದು ಮುಟ್ಟಿವೆ, ನಡುವೆ ಇದೊಂದೇ ಪುಟ ಉಳಿದಿತ್ತು. ಖಾಲಿ ಬಿಡುವುದು ಯಾಕೆ ಎಂದು ಬರೆಯುತ್ತಿದ್ದೇನೆ.

ಮಳೆ ಶುರುವಾಗಿದೆ. ಹೋದ ವಾರ ನಮ್ಮ ಸಾಲಿನ ಬುಡ ಬಿಡಿಸಿ ಹಾಲಿನವಳ ದರೆಗೂ ಹಚ್ಚಿಕೊಟ್ಟೆ. ಅವತ್ತಿನಿಂದ ಅವಳ ಕಾಟ ತಡೆಯಲು ಆಗುತ್ತಿಲ್ಲ. ಹಾಲು ಹಾಕಲು ಬಂದಾಗ ಒಮ್ಮೆ, ಪಾತ್ರೆ ಒಯ್ಯಲು ಬಂದಾಗ ಒಮ್ಮೆ, ಏನೂ ಕೆಲಸವಿಲ್ಲದೆ ಬೇಲಿಯ ಹತ್ತಿರ ಒಮ್ಮೆ. "ಟೈಲರಮ್ಮ, ಒಣಗಿದ ಹಾಗಿದೆಯಲ್ಲ? ಟೈಲರಮ್ಮ, ಬೇರು ಬಿಟ್ಟಿದೆಯಾ ಅಂತ ಗೊತ್ತಾಗೋದು ಹೇಗೆ? ಒಂದೇ ಒಂದು ಮೆಲ್ಲಗೆ ಎಳೆದು ನೋಡ್ಲಾ?"

"ಕೈ ಹಚ್ಚಿದ್ರೆ ನೋಡು. ಅದರ ಕೆಲಸ ಅದು ಮಾಡ್ತಿದೆ, ನಿನ್ನ ಕೆಲಸ ನೀನು ಮಾಡು" ಎಂದು ಕಳಿಸಿದೆ.

ಈಗ ಮತ್ತೆ ಬಂದು ಬಾಗಿಲಲ್ಲಿ ನಿಂತಿದ್ದಾಳೆ, ಮೋಡ ಕಟ್ಟಿದೆ ಏನು ಮಾಡೋದು ಎಂದು. ಮಾವ ಅವಳನ್ನು ಒಳಗೆ ಕರೆದು, ಮಡಿಲಿಗೆ ಬೇರಿನ ಗಂಟು ಹಾಕಿ, ಗಡಿಯಾರದ ಕಂಬದಿಂದ ಶುರು ಮಾಡಿದ್ದಾರೆ. ಇಲ್ಲಿಯವರೆಗೂ ಕೇಳಿಸುತ್ತಿದೆ. ಪಾಪ, ಒಳ್ಳೆಯವಳೇ. ಆದರೆ ಒಂದು ಹುಲ್ಲಿಗೆ ಇಷ್ಟೊಂದು ಗಾಬರಿ ಬೀಳುವ ಹೆಂಗಸನ್ನು ನಾನಂತೂ ಎಲ್ಲೂ ನೋಡಿಲ್ಲ.

ಹನಿ ಬಿತ್ತು. ಒಣಗಲು ಹಾಕಿದ ಬಟ್ಟೆ ತರಬೇಕು.